ಐದನೆಯ ತಂತಿ

ಆರ್ಕೆಸ್ಟ್ರಾದಲ್ಲಿ ಹಾಡುವವನು ಹೊಸ ಕೋಟು ಹೊಲಿಸಿಕೊಂಡರೆ ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂತ ಅಜ್ಜಿಗೂ ಗೊತ್ತಾಗುತ್ತದೆ. ಕೀಬೋರ್ಡಿನವನು ಹೊಸದು ತಂದರೆ ಅದರ ಬೆನ್ನ ಮೇಲಿನ ಕಂಪನಿಯ ಹೆಸರು ಜಾತ್ರೆಗೆಲ್ಲ ಕಾಣುತ್ತದೆ. ರಿದಂ ಪ್ಯಾಡಿನವನಂತೂ ಹೊಸ ಸದ್ದೊಂದು ಸಿಕ್ಕ ದಿನ ಗಣಪತಿ ಸ್ತುತಿಯಲ್ಲೂ ಅದನ್ನು ಬಾರಿಸದೆ ಬಿಡುವವನಲ್ಲ. ಬೇಸ್ ಗಿಟಾರಿನವನ ಪಾಡು ಬೇರೆ. ಅವನು ಹನ್ನೆರಡು ಸಾವಿರದ ವಾದ್ಯ ಕೆಳಗಿಟ್ಟು ಎರಡು ಲಕ್ಷದ ವಾದ್ಯ ಕೊರಳಿಗೆ ಹಾಕಿಕೊಂಡು ಬಂದರೂ ಜನ ಕೇಳುವುದು ಒಂದೇ ಮಾತು: ‘ಎರಡು ತಂತಿ ಹರದಾವಲ್ರೀ, ಹಂಗ ಬಾರಸ್ತೀರೇನು?’

ಗಿಟಾರ್ ಅಂದರೆ ಆರು ತಂತಿ ಎಂದು ಸಿನಿಮಾ ನೋಡಿ ಕಲಿತವರು ನಮ್ಮ ಜನ. ಬೇಸ್ ಗಿಟಾರಿಗೆ ನಾಲ್ಕೇ ತಂತಿ, ಬೆರಳಿನಷ್ಟಲ್ಲದಿದ್ದರೂ ಕಡ್ಡಿಯಷ್ಟು ದಪ್ಪ. ಇದರ ಕೆಲಸ ಹಾಡುವುದಲ್ಲ, ಹಾಡುವವನ ಕಾಲ ಕೆಳಗೆ ನೆಲ ಇರುವಂತೆ ನೋಡಿಕೊಳ್ಳುವುದು. ನೆಲ ಇದ್ದಾಗ ಯಾರೂ ಅದರ ಕಡೆ ನೋಡುವುದಿಲ್ಲ. ಹಾಗಾಗಿ ಬೇಸ್ ಗಿಟಾರಿನವನಿಗೆ ಹೊಸ ವಾದ್ಯದ ಆಸೆ ಹುಟ್ಟಿದರೆ ಅದರಲ್ಲಿ ಊರಿನವರ ಮುಂದೆ ಮೆರೆಯುವ ಆಸೆ ಇರಲಾರದು. ಮೆರೆಯಲು ಸಾಧ್ಯವೇ ಇಲ್ಲವಲ್ಲ. ವಾದ್ಯಗಾರರ ಆಸೆಗಳಲ್ಲೆಲ್ಲ ಶುದ್ಧವಾದದ್ದು ನಮ್ಮದೇ ಎಂದು ನಾನು ಬಹಳ ದಿನಗಳಿಂದ ನಂಬಿಕೊಂಡು ಬಂದಿದ್ದೇನೆ. ಮನೆಯಲ್ಲಿ ಈ ಮಾತು ಯಾರೂ ಒಪ್ಪುವುದಿಲ್ಲ, ಆ ಮಾತು ಬೇರೆ.

ರಾಯಚೂರಿನ ಗಂಜಿನಲ್ಲಿ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಹೊಟ್ಟೆಪಾಡು. ಹತ್ತಿ, ತೊಗರಿ ಬರುವ ಕಾಲಕ್ಕೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಬೇಸಿಗೆ ಬಂತೆಂದರೆ ಮದುವೆ, ಜಾತ್ರೆ, ಉರುಸು ಎಂದು ರಾತ್ರಿಗಳು ಆರ್ಕೆಸ್ಟ್ರಾದ ಪಾಲು. ನನ್ನ ಗಿಟಾರ್ ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದು. ಬಣ್ಣ ಕಪ್ಪು, ಮೊಣಕೈ ಆನಿಸುವ ಕಡೆ ಬಣ್ಣ ಹೋಗಿ ಕಟ್ಟಿಗೆ ಕಾಣುತ್ತದೆ. ವಾಲ್ಯೂಮಿನ ಗುಬ್ಬಿ ತಿರುಗಿಸಿದರೆ ಬಾಣಲೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಅನ್ನುತ್ತದೆ. ದಪ್ಪ ತಂತಿಯ ಕೆಳಗೆ ಮೇಲ್ಗಡೆಯ ಕಚ್ಚು ಸವೆದದ್ದಕ್ಕೆ ಮದುವೆಯ ಲಗ್ನಪತ್ರಿಕೆಯ ಚೂರೊಂದನ್ನು ಮಡಚಿ ಸಿಕ್ಕಿಸಿದ್ದೇನೆ. ಯಾರ ಮದುವೆಯದೋ, ಅವರ ಸಂಸಾರ ಹೇಗಿದೆಯೋ. ನನ್ನ ತಂತಿಯನ್ನಂತೂ ಗಟ್ಟಿಯಾಗಿ ಹಿಡಿದಿದೆ.

ಇಷ್ಟಿದ್ದೂ ರಾತ್ರಿ ಊಟವಾದ ಮೇಲೆ ಮೊಬೈಲು ತೆಗೆದು ನಾನು ನೋಡುವುದು ಐದು ತಂತಿಯ ಬೇಸ್ ಗಿಟಾರ್‌ಗಳನ್ನು.

ಐದನೆಯ ತಂತಿ ಯಾಕೆ ಬೇಕು ಎನ್ನುವುದಕ್ಕೆ ಲೆಕ್ಕ ಹೇಳಬಹುದು. ನಾಲ್ಕು ತಂತಿಯದರಲ್ಲಿ ಅತಿ ಕೆಳಗಿನ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಐದನೆಯದು ಅದಕ್ಕೂ ಕೆಳಗಿಳಿದು 31ಕ್ಕೆ ಬರುತ್ತದೆ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮೊದಲ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ತಂದಾಗ ನಾಲ್ಕು ತಂತಿ ಸಾಕೆಂದೇ ಎಲ್ಲರ ಲೆಕ್ಕ. 1980ರ ದಶಕದಲ್ಲಿ ಸಿಂಥಸೈಜರ್ ಕೀಬೋರ್ಡುಗಳು ಬಂದು ಗಿಟಾರಿಗೆ ಎಟುಕದ ಪಾತಾಳಕ್ಕೆ ಇಳಿಯತೊಡಗಿದಾಗ ಬೇಸ್ ಗಿಟಾರಿನವರಿಗೆ ತಳಮಳ ಶುರುವಾಯಿತು, ಐದನೆಯ ತಂತಿಗೆ ಬೇಡಿಕೆ ಬಂತು. ಬೇಂದ್ರೆಯವರು ‘ನಾಕುತಂತಿ’ಗೇ ಜ್ಞಾನಪೀಠ ತಂದವರು, ನನಗೆ ಐದು ಬೇಕಾಗಿದೆ.

ಆ 31 ಕಂಪನ ನಮ್ಮ ಊರುಗಳಲ್ಲಿ ಯಾರಿಗೆ ಕೇಳುತ್ತದೆ ಎಂಬುದು ಮಾತ್ರ ಬೇರೆ ಪ್ರಶ್ನೆ. ಗುಡಿಯ ಮೇಲೆ, ಬೇವಿನ ಮರದ ಮೇಲೆ ಕಟ್ಟಿದ ಹಾರ್ನ್ ಸ್ಪೀಕರುಗಳು ಮಾತು ದೂರ ಒಯ್ಯಲೆಂದು ಮಾಡಿದವು. 300ಕ್ಕಿಂತ ಕೆಳಗಿನ ಕಂಪನ ಅವುಗಳಿಂದ ಹೊರಡುವುದೇ ಕಷ್ಟ. ಅಂದರೆ ನಾನು ದಪ್ಪ ತಂತಿಯ ಮೇಲೆ ನುಡಿಸುವ ಮೂಲಸ್ವರ ಆ ಹಾರ್ನಿನಿಂದ ಬರುವುದೇ ಇಲ್ಲ. ಆದರೂ ಜನಕ್ಕೆ ಕೇಳಿದ ಹಾಗಾಗುತ್ತದೆ. ಯಾಕೆಂದರೆ ಮನುಷ್ಯನ ಕಿವಿಗೆ ಒಂದು ವಿಚಿತ್ರವಾದ ಔದಾರ್ಯ ಇದೆ. ಮೂಲಸ್ವರ ಬಾರದಿದ್ದರೂ ಅದರ ಮೇಲಿನ ಉಪಸ್ವರಗಳು ಒಂದರ ಮೇಲೊಂದು ಸರಿಯಾದ ಲೆಕ್ಕದಲ್ಲಿ ಬಂದರೆ, ಕೆಳಗೆ ಇಂಥದೊಂದು ಇದ್ದಿರಲೇಬೇಕು ಎಂದು ತಾನೇ ಅದನ್ನು ತುಂಬಿಕೊಳ್ಳುತ್ತದೆ. ಎಷ್ಟೋ ಜಾತ್ರೆಗಳಲ್ಲಿ ಜನ ತಲೆದೂಗಿದ್ದು ನಾನು ನುಡಿಸಿ ಅವರಿಗೆ ತಲುಪದೇ ಹೋದ ಸ್ವರಕ್ಕೆ. ಇಂಥ ಕೆಲಸ ಮಾಡುವವನು ವಾದ್ಯದ ಗುಣಮಟ್ಟದ ಬಗ್ಗೆ ತಲೆ ಕೆಡಿಸಿಕೊಳ್ಳಬಾರದು ಎಂದು ಬುದ್ಧಿ ಹೇಳುತ್ತದೆ. ಬೆರಳು ಮಾತ್ರ ಮೊಬೈಲಿನ ಮೇಲೆ ಸರಿಯುತ್ತಲೇ ಇರುತ್ತದೆ.

ಹೀಗೆ ನಾನು ಐದು ತಂತಿ ಹುಡುಕುವುದು ಕಂಪನಿಯ ಗೂಗಲ್ಲಿನಲ್ಲಿ. ಒಂದೇ ತಂತಿ ಸಾಕೆನ್ನುವವರು ಸಿಕ್ಕಿದ್ದು ಊರಿನ ಗೂಗಲ್ಲಿನಲ್ಲಿ.

ದೇವದುರ್ಗ ತಾಲ್ಲೂಕಿನ ಈ ಗೂಗಲ್ ಕೃಷ್ಣಾ ನದಿಯ ದಂಡೆಯ ಊರು. ಹೆಸರು ಕೇಳಿ ನಗುವವರು ನಗಲಿ. ಕಂಪನಿ ಹುಟ್ಟಿದ್ದು 1998ರಲ್ಲಿ, ಊರು ಅದಕ್ಕಿಂತ ಎಷ್ಟೋ ಹಳೆಯದು. ಈಗ ನದಿಗೆ ಅಡ್ಡಲಾಗಿ ಬ್ಯಾರೇಜು ಇದೆ, ಮಳೆಗಾಲದಲ್ಲಿ ಹೊಳೆ ಬಂದಾಗ ಪೇಪರಿನಲ್ಲಿ ಊರಿನ ಹೆಸರೂ ಬರುತ್ತದೆ. ಭಕ್ತರು ಹೋಗುವುದು ಅಲ್ಲಮಪ್ರಭುವಿನ ಗುಡಿಗೆ. ಪ್ರಭುದೇವರು ಇಲ್ಲಿಯ ಗವಿಯಲ್ಲಿ ತಪಸ್ಸಿಗೆ ಕೂತಿದ್ದರೆಂದು ಈ ಕಡೆಯವರ ನಂಬಿಕೆ. ಅನುಭವ ಮಂಟಪದ ಶೂನ್ಯಪೀಠಕ್ಕೆ ಒಡೆಯನಾದ ಅಲ್ಲಮನನ್ನು ಎಲ್ಲರೂ ಜ್ಞಾನಿ ಎಂದು ನೆನೆಯುತ್ತಾರೆ. ನನಗೆ ಮೊದಲು ನೆನಪಾಗುವುದು ಅವನು ಮದ್ದಳೆಗಾರ ಎಂಬುದು. ಹರಿಹರನ ರಗಳೆಯಲ್ಲಿ ಅವನ ಮದ್ದಳೆ ಇದೆ, ಅವನು ಒಲಿದ ಕಮಲತೆ ಇದ್ದಾಳೆ. ಎರಡು ಶತಮಾನ ಕಳೆದು ಬಂದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಬನವಸಿಯ ಗುಡಿಯಲ್ಲಿ ಅಲ್ಲಮ ಮದ್ದಳೆ ಬಾರಿಸುತ್ತಾನೆ, ಮಾಯಾದೇವಿ ಮನಸೋಲುತ್ತಾಳೆ. ಕುಣಿಯುವವರ ಹಿಂದೆ ನಿಂತು ಲಯ ಹಿಡಿಯುವವನು, ಅಂದರೆ ಒಂದು ಲೆಕ್ಕಕ್ಕೆ ನಮ್ಮ ಪಂಗಡದವನೇ. ಹಿಂದೆ ನಿಂತವನಿಗೆ ಯಾರಾದರೂ ಮನಸೋತ ಕಥೆ ಜಗತ್ತಿನಲ್ಲಿ ಅಪರೂಪ. ನಮ್ಮ ಸಾಹಿತ್ಯದಲ್ಲಿ ಇದೆ ಎಂಬುದೇ ನಮ್ಮಂಥವರಿಗೆ ಒಂದು ಸಮಾಧಾನ.

ಅಲ್ಲಮ ಕಡೆಗೆ ಅದನ್ನೆಲ್ಲ ಬಿಟ್ಟು ನಡೆದ. ಆದರೆ ಬಿಡುವುದು ಬೇರೆ, ಸಾಕೆನ್ನುವುದು ಬೇರೆ. ಬಿಟ್ಟವನಿಗೆ ಯಾವ ಮದ್ದಳೆಯ ಚರ್ಮ ಒಳ್ಳೆಯದು ಎಂಬ ಚಿಂತೆ ಒಂದೇ ಏಟಿಗೆ ಹೋಗುತ್ತದೆ. ಸಾಕೆನ್ನುವವನು ಒಂದನ್ನು ಹಿಡಿದುಕೊಂಡೇ ಇರಬೇಕು. ಪಕ್ಕದವನ ಕೈಯಲ್ಲಿ ಇನ್ನೂ ಒಳ್ಳೆಯದು ಕಾಣುತ್ತಲೇ ಇರುತ್ತದೆ. ವೈರಾಗ್ಯಕ್ಕಿಂತ ಇದು ಕಷ್ಟದ ಕೆಲಸ ಎಂದು ನನಗೆ ಅನ್ನಿಸುತ್ತದೆ. ಪ್ರಭುದೇವರ ಊರಿನಲ್ಲಿ ಈ ಮಾತು ದೊಡ್ಡದಾಗಿ ಹೇಳುವ ಧೈರ್ಯ ನನಗಿಲ್ಲ.

ಇದೇ ಗೂಗಲ್ಲಿನಲ್ಲಿ ನಮ್ಮ ಕಾರ್ಯಕ್ರಮ ಇದ್ದಾಗ ಕರೆಂಟು ಹೋಗಿ, ಜನರೇಟರು ಬರುವವರೆಗೆ ಭಜನೆಯವರು ಕೂತರು. ದಮ್ಮಡಿ, ತಾಳ, ಹಾರ್ಮೋನಿಯಂ, ನಡುವೆ ಏಕತಾರಿ ಹಿಡಿದ ಒಬ್ಬ ತಾತ. ತತ್ವಪದ ಹಾಡುವ ಹಿರಿಯರನ್ನು ನಮ್ಮ ಕಡೆ ತಾತ ಎಂದೇ ಕರೆಯುವುದು. ಅವರ ಏಕತಾರಿಯನ್ನು ನಾನು ಹತ್ತಿರ ಕೂತು ನೋಡಿದೆ. ಒಣಗಿದ ಸೋರೆಬುರುಡೆ, ಬಾಯಿಗೆ ಬಿಗಿದ ಮೇಕೆಯ ಚರ್ಮ, ಬುರುಡೆಯೊಳಗೆ ತೂರಿಸಿದ ಬಿದಿರಿನ ಕೋಲು, ಕೋಲಿನ ತಲೆಗೆ ಒಂದು ಬಿರಡೆ. ಚರ್ಮದ ಮೇಲೆ ಕುಂಟೆಬಿಲ್ಲೆಯಷ್ಟು ದೊಡ್ಡ ಕುದುರೆ. ಅದರ ಮೇಲೆ ಹಾದು ಹೋದ ಒಂದು ಉಕ್ಕಿನ ತಂತಿ. ಬುರುಡೆಗೆ ಒಂದು ಕಡೆ ಬಿರುಕು ಬಿಟ್ಟು, ಅದಕ್ಕೆ ಅರಿವೆಯ ಪಟ್ಟಿ ಅಂಟಿಸಿ ಮೇಲೆ ಅರಗು ಬಳಿದಿದ್ದರು. ತೋರುಬೆರಳಿನಿಂದ ತಂತಿ ಮೀಟಿದರೆ ಸ್ವರ ಬಂದು ಹೋಗುವುದಿಲ್ಲ. ಚರ್ಮಕ್ಕೆ ತಗುಲಿ, ಬುರುಡೆಯೊಳಗೆ ಸುತ್ತಾಡಿ, ಝುಂ ಎಂದು ಅಲ್ಲೇ ಉಳಿಯುತ್ತದೆ. ಒಂದೇ ಷಡ್ಜ. ಅದೇ ಅವರ ಶ್ರುತಿಯೂ ಹೌದು, ತಾಳವೂ ಹೌದು, ನನ್ನ ಭಾಷೆಯಲ್ಲಿ ಹೇಳುವುದಾದರೆ ಬೇಸ್ ಕೂಡ ಹೌದು.

ಪದ ಮುಗಿದ ಮೇಲೆ ನಾನು ಮೊಬೈಲು ತೆಗೆದು ಐದು ತಂತಿಯ ಗಿಟಾರಿನ ಫೋಟೋ ತೋರಿಸಿದೆ. ಒಂದೇ ಕಸುಬಿನವರು ಸಿಕ್ಕಾಗ ಮಾತು ಸಾಮಾನಿನ ಕಡೆಗೇ ಹೊರಳುತ್ತದೆ. ಗೌಂಡಿಗಳಿಬ್ಬರು ಸಿಕ್ಕರೂ ಅಷ್ಟೆ. ತಾತ ಕನ್ನಡಕ ಏರಿಸಿ ನೋಡಿ, ‘ಬೇಸೈತಿ’ ಅಂದರು. ಆಮೇಲೆ ನನ್ನ ಕೊರಳಿನ ಗಿಟಾರ್ ನೋಡಿ ಕೇಳಿದರು:

‘ಇದ್ದ ನಾಕೂ ದಣದಾವೇನು, ತಮ್ಮಾ?’

‘ದಣಿದಿಲ್ರೀ ತಾತ. ಇನ್ನೊಂದಿದ್ರ ಇನ್ನೂ ಕೆಳಗ ಇಳೀಬಹುದು.’

‘ಕೆಳಗ ಯಾರದಾರ?’

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ತಾತ ತಮ್ಮ ಬುರುಡೆಯನ್ನು ತೊಡೆಯ ಮೇಲೆ ಸರಿಪಡಿಸಿಕೊಂಡು, ‘ನಂದು ಒಂದ ತಂತಿ. ಅದ ಇನ್ನ ಪೂರಾ ಬಂದಿಲ್ಲ ನೋಡು ನನಗ’ ಅಂದರು. ಜನರೇಟರು ಬಂತು. ನಾವು ಸಿನಿಮಾ ಹಾಡು ಶುರು ಮಾಡಿದೆವು.

ಈ ನಾಡಿನ ನೀರಿನಲ್ಲೇ ಇಂಥದೇನೋ ಇದೆ. ಇದೇ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು ಗೋಪಾಲದಾಸರು. ಅವರ ಗುರು ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರು. ಗೋಪಾಲದಾಸರ ಶಿಷ್ಯ, ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರು ಮಾನ್ವಿಯವರು. ಹದಿನೆಂಟನೆಯ ಶತಮಾನದ ದಾಸಸಾಹಿತ್ಯದ ದೊಡ್ಡ ಪಾಲು ನಮ್ಮ ಊರಿನ ಬಸ್ಸು ತಿರುಗುವಷ್ಟು ದೂರದೊಳಗೇ ಹುಟ್ಟಿತು. ಇವರೆಲ್ಲರ ಸಾಮಾನು ಸರಂಜಾಮು ಅಂದರೆ ಒಂದು ತಂಬೂರಿ, ತಾಳ, ಕಾಲಿಗೆ ಗೆಜ್ಜೆ, ಮಧುಕರಕ್ಕೆ ಗೋಪಾಳಬುಟ್ಟಿ. ಅನಾರೋಗ್ಯದಿಂದ ನರಳುತ್ತಿದ್ದ ಜಗನ್ನಾಥದಾಸರಿಗೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ಧಾರೆ ಎರೆದರೆಂದು ಪರಂಪರೆ ಹೇಳುತ್ತದೆ. ಗೋಪಾಲದಾಸರು 1762ರಲ್ಲಿ ನಲವತ್ತೊಂದರ ಪ್ರಾಯದಲ್ಲೇ ಹೋದರು; ಜಗನ್ನಾಥದಾಸರು 1809ರವರೆಗೆ ಬಾಳಿದರು. ಗಿಟಾರಿನ ಪಟ್ಟಿಯನ್ನು ಒಂದು ರಾತ್ರಿಗೆ ಎರವಲು ಕೊಡಲೂ ಹಿಂದೆ ಮುಂದೆ ನೋಡುವವನು ನಾನು. ಈ ಕಥೆ ಕೇಳಿದಾಗೆಲ್ಲ ಸುಮ್ಮನಾಗುತ್ತೇನೆ.

ಆದರೆ ತಂಬೂರಿ ಹಿಡಿದವರೆಲ್ಲ ಸಂತೃಪ್ತರು ಎಂದು ಹೇಳಿಬಿಟ್ಟರೆ ಮಿರಜಿನವರು ನಗುತ್ತಾರೆ. ಮಿರಜಿನಲ್ಲಿ ತಂಬೂರಿ ಮಾಡುವ ಶಿಕಲಗಾರರ ಹಿರಿಯರು ಮೊದಲು ಕತ್ತಿ ಭರ್ಚಿಗಳಿಗೆ ಸಾಣೆ ಹಿಡಿಯುತ್ತಿದ್ದವರು. ಹತ್ತೊಂಬತ್ತನೆಯ ಶತಮಾನದಲ್ಲಿ ಯುದ್ಧಗಳು ನಿಂತು ಕತ್ತಿಗೆ ಗಿರಾಕಿ ಕಡಿಮೆಯಾದಾಗ ಸಿತಾರು, ತಂಬೂರಿಗಳ ಕಡೆ ತಿರುಗಿದರು. 2024ರಲ್ಲಿ ಅವರ ವಾದ್ಯಗಳಿಗೆ ಭೌಗೋಳಿಕ ಸೂಚ್ಯಂಕವೂ ಸಿಕ್ಕಿದೆ. ಅಲ್ಲಿಗೆ ಹೋಗುವ ಗಾಯಕರನ್ನು ನೋಡಬೇಕು. ಬುರುಡೆ ಎಷ್ಟು ದಪ್ಪ, ಕುದುರೆಯ ಮೇಲಿನ ಜೀವಾಳಿ ದಾರ ರೇಷ್ಮೆಯದೋ ಹತ್ತಿಯದೋ, ಒಂದು ಜೋಡಿ ಸಾಕೋ ಎರಡು ಬೇಕೋ ಎಂದು ಮಧ್ಯಾಹ್ನವಿಡೀ ಕೂರುತ್ತಾರೆ. ನಾಲ್ಕು ತಂತಿಯನ್ನು ಸುಮ್ಮನೆ ಒಂದಾದ ಮೇಲೊಂದು ಮೀಟುವ ವಾದ್ಯ ಅದು. ಅದರ ಮೇಲೆ ಇಷ್ಟು ಚೌಕಾಸಿ. ಬೆಂಗಳೂರಿನವರು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿ ಎಷ್ಟೋ ಕಾಲವಾಯಿತು, ಈಗ ಮೊಬೈಲಿನಲ್ಲಿ ಬಿಟ್ಟಿಯಾಗಿಯೇ ತಂಬೂರಿ ಸಿಗುತ್ತದೆ. ಆದರೂ ಮಿರಜಿಗೆ ಹೋಗುವವರು ಹೋಗುತ್ತಲೇ ಇದ್ದಾರೆ. ಅವರ ಕಿವಿಗೆ ಬೇಕಾದದ್ದು ಆ ಪೆಟ್ಟಿಗೆಯಲ್ಲಿಲ್ಲ. ಹಾಗೆಂದು ಅವರನ್ನು ದುರಾಸೆಯವರು ಎನ್ನಲು ಬರುತ್ತದೆಯೇ?

ಬೇಸ್ ಗಿಟಾರಿನವರ ಪುರಾಣದಲ್ಲಿಯೂ ಒಬ್ಬ ಏಕತಾರಿಯವನು ಇದ್ದಾನೆ. ಡೆಟ್ರಾಯಿಟಿನ ಜೇಮ್ಸ್ ಜೇಮರ್ಸನ್. ಮೋಟೌನ್ ಕಂಪನಿಯ 1960ರ ದಶಕದ ಲೆಕ್ಕವಿಲ್ಲದಷ್ಟು ಹಾಡುಗಳಿಗೆ ನೆಲ ಹಾಕಿಕೊಟ್ಟವನು. ಹೆಚ್ಚಿನದೆಲ್ಲ ನುಡಿಸಿದ್ದು 1962ರ ಒಂದೇ ಫೆಂಡರ್ ಗಿಟಾರಿನಲ್ಲಿ, ಅದೂ ಹೆಚ್ಚಾಗಿ ಒಂದೇ ತೋರುಬೆರಳಿನಿಂದ. ತಂತಿ ಹರಿಯುವವರೆಗೆ ಬದಲಿಸುತ್ತಿರಲಿಲ್ಲ. ತಂತಿಗಂಟಿದ ಕೊಳೆಯಲ್ಲೇ ನಾದ ಇದೆಯೆಂದು ಅವನ ನಂಬಿಕೆ. ತಂತಿಗಳು ಫಲಕದಿಂದ ಎಷ್ಟು ಎತ್ತರದಲ್ಲಿದ್ದವೆಂದರೆ ಬೇರೆಯವರಿಗೆ ಒತ್ತಲು ಬರುತ್ತಿರಲಿಲ್ಲವಂತೆ. 1983ರಲ್ಲಿ ಅವನು ಸಾಯುವ ಸ್ವಲ್ಪ ಮುಂಚೆ ಆ ಗಿಟಾರ್ ಕಳುವಾಯಿತು. ಈ ಕಥೆ ಹೇಳಿ ನಮ್ಮಂಥವರಿಗೆ ಬುದ್ಧಿ ಹೇಳುವವರು ಬಹಳ: ನೋಡು, ಅವನಿಗೆ ಒಂದೇ ಸಾಕಾಯಿತು, ನಿನಗೇನು ದೊಡ್ಡ ರೋಗ ಎಂದು. ಅವರು ಜಾನ್ ಎಂಟ್ವಿಸಲ್ ಹೆಸರು ಎತ್ತುವುದಿಲ್ಲ. ‘ದಿ ಹೂ’ ಬ್ಯಾಂಡಿನ ಈ ಬೇಸ್ ವಾದಕನ ಮನೆ ತುಂಬ ಗಿಟಾರುಗಳೇ. 2002ರಲ್ಲಿ ಅವನು ತೀರಿಕೊಂಡ ಮರುವರ್ಷ ಲಂಡನ್ನಿನ ಸೊದಬೀಸ್ ಅವುಗಳನ್ನು ಹರಾಜು ಹಾಕಿತು. ಎಂಟ್ವಿಸಲ್ ನುಡಿಸಿದ್ದು ಜೇಮರ್ಸನ್ನನಿಗಿಂತ ಕಡಿಮೆಯದು ಎಂದು ಹೇಳುವ ಎದೆಗಾರಿಕೆ ನನಗಿಲ್ಲ. ಒಂದೇ ವಾದ್ಯ ಇಟ್ಟುಕೊಂಡದ್ದಕ್ಕೆ ಒಬ್ಬ ದೊಡ್ಡವನಾಗಲಿಲ್ಲ, ನೂರು ಕೂಡಿಹಾಕಿದ್ದಕ್ಕೆ ಇನ್ನೊಬ್ಬ ಕೆಡಲಿಲ್ಲ.

ಬಡತನವನ್ನು ತೃಪ್ತಿ ಎಂದು ಹಾಡಿಹೊಗಳುವ ಚಾಳಿಯೂ ನಮ್ಮಲ್ಲಿದೆ. ಹಳ್ಳಿಯ ಕಲಾವಿದನ ಹರಕು ವಾದ್ಯದ ಫೋಟೋ ಪತ್ರಿಕೆಯ ಭಾನುವಾರದ ಪುಟಕ್ಕೆ ಚೆಂದ ಕಾಣುತ್ತದೆ. ಒಳ್ಳೆಯ ಬುರುಡೆ ಸಿಕ್ಕರೆ ಅವನೂ ಬದಲಿಸುತ್ತಾನೆ; ಸಿಕ್ಕಿಲ್ಲ, ಅದಕ್ಕೆ ಅರಗು ಬಳಿದಿದ್ದಾನೆ. ನನ್ನ ಲಗ್ನಪತ್ರಿಕೆಯ ಚೂರಿಗೂ ಇದೇ ಮಾತು.

ವಾದ್ಯಕ್ಕೆ ಅಂಟಿಕೊಂಡು ಬದುಕಿದವರ ಒಳ್ಳೆಯ ಉದಾಹರಣೆ ರಾಯಚೂರಿನಲ್ಲೇ ಇದೆ. ಪಂಡಿತ ನರಸಿಂಹಲು ವಡವಾಟಿಯವರು ಹಿಡಿದದ್ದು ಕ್ಲಾರಿಯೋನೆಟ್. ಮನೆತನ ಶಹನಾಯಿಯದು, ಗುರು ಪಂಡಿತ ಸಿದ್ಧರಾಮ ಜಂಬಲದಿನ್ನಿಯವರು, ನುಡಿಸಿದ್ದು ಹಿಂದುಸ್ತಾನಿ ರಾಗಗಳನ್ನು. ಸ್ವರದಿಂದ ಸ್ವರಕ್ಕೆ ಜಾರಲು ಸುಲಭವಾಗಿ ಬಗ್ಗದ, ಕೀಲಿಗಳ ವಿಲಾಯಿತಿ ವಾದ್ಯ ಅದು. ಅದರಲ್ಲಿ ಮೀಂಡು ತೆಗೆಯುವುದೆಂದರೆ ತುಟಿಯ, ಉಸಿರಿನ ಕೆಲಸ. ವಾದ್ಯ ಬದಲಿಸಿದ್ದರೆ ಅವರಿಗೆ ಅರ್ಧ ಕಷ್ಟ ತಪ್ಪುತ್ತಿತ್ತು. ಆ ಕಷ್ಟ ತಪ್ಪಿದ್ದರೆ ಆ ನಾದ ಹುಟ್ಟುತ್ತಿರಲಿಲ್ಲ. ನನ್ನ ಗಿಟಾರಿನ ಕಪ್ಪು ಬಣ್ಣ ಹೋದ ಜಾಗವನ್ನು ಉಜ್ಜುತ್ತ ನಾನು ಇದನ್ನು ಯೋಚಿಸಿದ್ದುಂಟು. ನನ್ನ ಕಷ್ಟದಿಂದ ಹುಟ್ಟುತ್ತಿರುವುದು ಏನು ಎಂದು ಕೇಳಿಕೊಂಡಾಗ ವಾಲ್ಯೂಮಿನ ಚಟಪಟವೊಂದೇ ನೆನಪಿಗೆ ಬಂತು.

ನಿಜ ಹೇಳಬೇಕೆಂದರೆ ಐದನೆಯ ತಂತಿಯ ಆಸೆ ಜೋರಾದದ್ದು ಕಾರ್ಯಕ್ರಮ ಕಡಿಮೆಯಾದ ಮೇಲೆ. ಮೊದಲು ರಸಮಂಜರಿ ಎಂದರೆ ಹತ್ತು ಹನ್ನೆರಡು ಜನರ ತಂಡ: ಡ್ರಮ್ಸ್, ಢೋಲಕ್, ಕೊಳಲು, ಎರಡು ಕೀಬೋರ್ಡ್, ಲೀಡ್ ಗಿಟಾರ್, ಬೇಸ್ ಗಿಟಾರ್. ಟೆಂಪೋದಲ್ಲಿ ಸಾಮಾನಿನ ಮೇಲೆ ಕೂತು ಹೋಗುತ್ತಿದ್ದೆವು. ಇಳಯರಾಜ ಸಂಗೀತದ, 1981ರ ‘ಗೀತಾ’ ಸಿನಿಮಾದ ಹಾಡುಗಳನ್ನು ನುಡಿಸುವಾಗ ಬೇಸ್ ಗಿಟಾರಿನವನಿಗೂ ಒಂದು ಮರ್ಯಾದೆ ಇತ್ತು. ಆ ಹಾಡುಗಳಲ್ಲಿ ಬೇಸ್ ಸುಮ್ಮನೆ ಕೆಳಗೆ ಬಿದ್ದಿರುವುದಿಲ್ಲ, ಹಾಡಿನ ಜೊತೆ ಕೈಹಿಡಿದು ನಡೆಯುತ್ತದೆ. ಹಾಡುವವನು ಒಮ್ಮೆ ತಿರುಗಿ ನೋಡಿ ತಲೆಯಾಡಿಸುತ್ತಿದ್ದ. ಅದೊಂದು ತಲೆಯಾಡಿಸುವಿಕೆಯ ಮೇಲೆ ವಾರ ಕಳೆಯುತ್ತಿತ್ತು.

ಆಮೇಲೆ ಕೀಬೋರ್ಡಿನವನ ಎಡಗೈಗೇ ಬೇಸ್ ಕೆಲಸ ಹೋಯಿತು. ಡ್ರಮ್ಸ್ ಹೋಗಿ ಪ್ಯಾಡ್ ಬಂತು. ಈಗ ಅದೂ ಬೇಡ. ಲ್ಯಾಪ್‌ಟಾಪಿನಲ್ಲಿ ಮೈನಸ್ ಟ್ರ್ಯಾಕ್ ಹಾಕಿದರೆ ಹಾಡುವವರಿಬ್ಬರು, ನಿರೂಪಕನೊಬ್ಬ, ಮುಗಿಯಿತು. ಕಾರ್ಯಕ್ರಮ ಹಿಡಿಯುವ ಒಬ್ಬರು ನನಗೆ ಫೋನಿನಲ್ಲಿ ಬಹಳ ಪ್ರೀತಿಯಿಂದಲೇ ಹೇಳಿದರು: ‘ನಿಮ್ಮ ಬೇಸ್ ಟ್ರ್ಯಾಕಿನಾಗ ಐತಿ ಬಿಡ್ರಿ ಅಣ್ಣಾ, ಸುಮ್ನ ನಿಮಗ್ಯಾಕ ತ್ರಾಸು.’ ದೊಡ್ಡ ದೊಡ್ಡ ಡಿಜೆ ಬಾಕ್ಸುಗಳು ಬಂದು ಜಾತ್ರೆಗಳಲ್ಲಿ ನಿಜವಾದ 31, 41 ಕಂಪನಗಳು ಜನರ ಎದೆಗೆ ಗುದ್ದುವ ಕಾಲ ಬಂದಾಗಲೇ ಅದನ್ನು ನುಡಿಸಲು ಮನುಷ್ಯ ಬೇಡವಾದ. ಆ ರಾತ್ರಿ ನಾನು ಎಂದಿಗಿಂತ ಹೆಚ್ಚು ಹೊತ್ತು ಐದು ತಂತಿಯ ಗಿಟಾರುಗಳನ್ನು ನೋಡಿದೆ. ಕರೆ ಕಡಿಮೆಯಾದಷ್ಟೂ ಸಾಮಾನಿನ ಪಟ್ಟಿ ಬೆಳೆಯುತ್ತದೆ. ನಮ್ಮ ತಂಡದ ಲೀಡ್ ಗಿಟಾರಿನವನೂ ಕೆಲಸ ಇಲ್ಲದ ಆಷಾಢದಲ್ಲೇ ಎರಡು ಎಫೆಕ್ಟ್ ಪೆಡಲುಗಳನ್ನು ಕಂತಿನ ಮೇಲೆ ತಂದ. ನಾವು ಇನ್ನೂ ಈ ಕಸುಬಿನಲ್ಲಿದ್ದೇವೆ ಎಂಬುದಕ್ಕೆ ಒಂದು ರಸೀದಿಯಾದರೂ ಇರಲಿ ಎಂದಿರಬೇಕು.

ಮೊನ್ನೆ ತಾತನೇ ಫೋನು ಮಾಡಿದರು. ಭಜನಾ ಮಂಡಳಿಯ ಹುಡುಗರು ಕೀಬೋರ್ಡ್ ತಂದಿದ್ದಾರೆ, ಪ್ಯಾಡ್ ತಂದಿದ್ದಾರೆ, ನಾಲ್ಕು ಮೈಕು ತಂದಿದ್ದಾರೆ.

‘ನನ್ನ ಏಕತಾರಿ ನನಗ ಕೇಳವಲ್ದು ತಮ್ಮಾ. ನಿನ್ನ ಗಿಟಾರಿಗೆ ವೈರ್ ಹಚ್ಚೀದಲ್ಲ, ಹಂಗ ಇದಕ್ಕ ಏನರ ಹಚ್ಚಾಕ ಬರ್ತೈತೇನು?’

ಬರುತ್ತದೆ. ನಾಣ್ಯದಷ್ಟಗಲದ ಹಿತ್ತಾಳೆಯ ತೆಳು ಬಿಲ್ಲೆ, ನಡುವೆ ಬೆಳ್ಳನೆಯ ಲೇಪ. ಮಕ್ಕಳ ಆಟಿಕೆಯೊಳಗೆ ಕೀಚ್ ಎನ್ನುವುದು ಇದೇ. ಪೀಜೋ ಎನ್ನುತ್ತಾರೆ. ಒತ್ತಡ ಬಿದ್ದರೆ ಕೆಲವು ಹರಳುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂದು ಕ್ಯೂರಿ ಸೋದರರು 1880ರಲ್ಲಿ ಕಂಡುಕೊಂಡದ್ದು ಇದರ ಮೂಲ. ರೇಡಿಯೋ ರಿಪೇರಿಯ ಅಂಗಡಿಯಲ್ಲಿ ಚಹಾದ ದುಡ್ಡಿಗೆ ಸಿಗುತ್ತದೆ. ಎರಡು ವೈರು ಬೆಸುಗೆ ಹಾಕಿ, ತುದಿಗೆ ಗಿಟಾರಿನ ಪಿನ್ನು ಹೋಗುವ ಜ್ಯಾಕ್ ಕೂರಿಸಿಕೊಂಡು, ಭಾನುವಾರ ನನ್ನ ಚಿಕ್ಕ ಆ್ಯಂಪನ್ನೂ ಕಟ್ಟಿಕೊಂಡು ಗಬ್ಬೂರಿನ ಮೇಲೆ ಹೋದೆ.

ಬಿಲ್ಲೆಯನ್ನು ಎಲ್ಲಿ ಅಂಟಿಸುವುದು ಎಂಬುದೇ ದೊಡ್ಡ ಚರ್ಚೆಯಾಯಿತು. ಕುದುರೆಯ ಹತ್ತಿರ ಚರ್ಮಕ್ಕೆ ಹಚ್ಚಿದರೆ ಬೆರಳಿನ ಸದ್ದೆಲ್ಲ ಟಕಟಕ ಎಂದು ಬಂತು. ಬಿದಿರಿಗೆ ಹಚ್ಚಿದರೆ ಬರೀ ತಂತಿ, ಬುರುಡೆಯ ಝುಂಕಾರ ಇಲ್ಲ. ಕಡೆಗೆ ಬುರುಡೆಯ ಹೊಟ್ಟೆಗೆ, ಅರಗು ಬಳಿದ ಬಿರುಕಿನ ಪಕ್ಕದಲ್ಲಿ, ಮೇಣ ಹಚ್ಚಿ ಒತ್ತಿದೆ. ತಾತ ಒಂದು ಸಲ ಮೀಟಿದರು. ಆ್ಯಂಪಿನಿಂದ ಬಂದ ಷಡ್ಜಕ್ಕೆ ಕೀಬೋರ್ಡಿನ ಹುಡುಗ ತಿರುಗಿ ನೋಡಿದ. ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದವರೂ ನೋಡಿದರು. ತಾತ ಇನ್ನೊಂದು ಸಲ ಮೀಟಿದರು. ಮುಖದ ಮೇಲೆ ಏನೂ ಕಾಣಲಿಲ್ಲ. ಮೂರನೆಯ ಸಲ ಮೀಟಿ, ಆ್ಯಂಪಿನ ಗುಬ್ಬಿಗಳನ್ನು ಒಂದೊಂದಾಗಿ ನೋಡತೊಡಗಿದರು.

‘ಇದು ಯಾವುದು?’

‘ಅದು ಟ್ರೆಬಲ್ರೀ ತಾತ. ಇದು ಬೇಸ್.’

‘ಅದನ್ನಿಷ್ಟು ಏರಸು.’

ಏರಿಸಿದೆ. ಬುರುಡೆ ಗುಂಯ್ ಎಂದಿತು.

‘ಇನ್ನಿಷ್ಟು.’

‘ಇದಕಿಂತ ಮ್ಯಾಲ ಹೋಗಂಗಿಲ್ರೀ, ಸಣ್ಣ ಆ್ಯಂಪು ಇದು.’

‘ದೊಡ್ಡದು ಎಷ್ಟಕ್ಕ ಬರ್ತೈತಿ?’

ನಾನು ಮೊಬೈಲು ತೆಗೆದೆ. ‘ಸೆಕೆಂಡ್ ಹ್ಯಾಂಡಿನಾಗ ನೋಡೂಣ್ರೀ ತಾತ, ಹೈದರಾಬಾದಿನಾಗ ಒಂದೆರಡು ಅದಾವು’ ಎಂದೆ. ತಾತ ಕನ್ನಡಕ ಏರಿಸಿಕೊಂಡು ನನ್ನ ಪಕ್ಕಕ್ಕೆ ಸರಿದು ಕೂತರು.